ಧ್ರುವ ನಕ್ಷತ್ರಕ್ಕೆ ಎಷ್ಟು ಮುಷ್ಟಿ?

ಅಮೆರಿಕದ ದೊಡ್ಡ ಹೆದ್ದಾರಿಗಳ ಸಂಖ್ಯೆಗೆ ಒಂದು ಲೆಕ್ಕವಿದೆ. ಪೂರ್ವ-ಪಶ್ಚಿಮವಾಗಿ ಹೋಗುವ ರಸ್ತೆಗೆ ಸಮಸಂಖ್ಯೆ, ಉತ್ತರ-ದಕ್ಷಿಣವಾಗಿ ಹೋಗುವುದಕ್ಕೆ ಬೆಸಸಂಖ್ಯೆ. ನಮ್ಮಲ್ಲಿ ಇದು ತಿರುಗುಮುರುಗು. ಬೆಂಗಳೂರಿನ ಮೇಲೆ ಕನ್ಯಾಕುಮಾರಿಗೆ ಹೋಗುವುದು 44, ಹಾಸನದ ಮೇಲೆ ಬಂಟ್ವಾಳಕ್ಕೆ ಹೋಗುವುದು 75. ನಂಬದಿದ್ದವರು ಭೂಪಟ ಬಿಡಿಸಿ ನೋಡಿ.

ಈ ಬೇಸಿಗೆಯಲ್ಲಿ ನಾವು ಹಿಡಿದದ್ದು ಅಲ್ಲಿನ 90ನೇ ಸಂಖ್ಯೆಯ ರಸ್ತೆ. ಪೂರ್ವದ ಬಾಸ್ಟನ್‌ನಿಂದ ಪಶ್ಚಿಮದ ಸಿಯಾಟಲ್‌ವರೆಗೆ ಸುಮಾರು 4,860 ಕಿಲೋಮೀಟರ್. ಮಗನ ಕೆಲಸ ಆ ಊರಿನಿಂದ ಈ ಊರಿಗೆ ಬದಲಾಗಿತ್ತು. ವಿಮಾನ ಬೇಡ, ಕಾರಿನಲ್ಲೇ ಹೋಗೋಣ, ದಾರಿಯಲ್ಲಿ ಟೆಂಟ್ ಹಾಕಿ ಮಲಗೋಣ ಎಂದು ಮೊಮ್ಮಗಳು ಹಟ ಹಿಡಿದಳು. ಎಪ್ಪತ್ತು ದಾಟಿದ ನನ್ನ ಬೆನ್ನನ್ನು ಯಾರೂ ಕೇಳಲಿಲ್ಲ. ಆದರೂ ಒಪ್ಪಿದೆ. ನನ್ನದು ಒಂದೇ ಷರತ್ತು: ದಾರಿಯಲ್ಲಿ ಸಿಗುವ ರ‍್ಯಾಪಿಡ್ ಸಿಟಿಯಲ್ಲಿ ಒಂದು ರಾತ್ರಿ ನಿಲ್ಲಬೇಕು. ಅಲ್ಲಿ ನನ್ನ ಹೈಸ್ಕೂಲಿನ ಗೆಳೆಯ ಇದ್ದಾನೆ. ಹೆಸರು ಬೇಡ, ಶಾಲೆಯಲ್ಲಿ ನಾವೆಲ್ಲ ಅವನನ್ನು ಬುಗುರಿ ಅನ್ನುತ್ತಿದ್ದೆವು.

ಮೊದಲ ದಿನಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಮೆಕ್ಕೆಜೋಳದ ಹೊಲ, ಮತ್ತೆ ಮೆಕ್ಕೆಜೋಳದ ಹೊಲ. ಸೌತ್ ಡಕೋಟಾದಲ್ಲಿ ಮಿಸೌರಿ ನದಿ ದಾಟಿದ ಮೇಲೆ ಹೊಲ ಹೋಗಿ ಹುಲ್ಲುಗಾವಲು ಬಂತು. ಇನ್ನೂ ಸ್ವಲ್ಪ ದೂರ ಹೋದರೆ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಬೇಕು. ಬಿಟ್ಟಿ ಸಿಕ್ಕಿದ ಒಂದು ಗಂಟೆಯನ್ನು ಏನು ಮಾಡುವುದೆಂದು ಮೊಮ್ಮಗಳು ಬಹಳ ಹೊತ್ತು ಯೋಚಿಸಿದಳು. ಆ ರಾತ್ರಿ ಬ್ಯಾಡ್‌ಲ್ಯಾಂಡ್ಸ್ ಎಂಬ ರಾಷ್ಟ್ರೀಯ ಉದ್ಯಾನದಲ್ಲಿ ಟೆಂಟ್ ಹಾಕಿದೆವು. ಮಳೆಗಾಳಿಗೆ ಕೊರೆದುಹೋದ, ಪದರ ಪದರವಾದ ಮಣ್ಣಿನ ಗುಡ್ಡಗಳು. ಕಾಡ್ಗಿಚ್ಚಿನ ಭಯಕ್ಕೆ ಅಲ್ಲಿ ಸೌದೆ ಉರಿಸುವಂತಿಲ್ಲ. ಪುಟ್ಟ ಗ್ಯಾಸ್ ಒಲೆಯಲ್ಲಿ ಸೊಸೆ ಉಪ್ಪಿಟ್ಟು ಮಾಡಿದಳು.

ಮರುದಿನ ಮಧ್ಯಾಹ್ನ ಬುಗುರಿಯ ಮನೆ. ನಾವು ಭೇಟಿಯಾಗಿ ಹದಿಮೂರು ವರ್ಷವಾಗಿತ್ತು. ಬಾಗಿಲು ತೆಗೆದವನ ಶರ್ಟಿನೊಳಗೆ ಇನ್ನೊಬ್ಬ ಬುಗುರಿ ಹಿಡಿಸುವಷ್ಟು ಜಾಗವಿತ್ತು. ಅವನ ಎರಡೂ ಮೂತ್ರಪಿಂಡಗಳು ಕೆಲಸ ನಿಲ್ಲಿಸಿವೆ. ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ, ಯಂತ್ರವೊಂದು ಅವನ ರಕ್ತ ಶುದ್ಧಿ ಮಾಡುತ್ತದೆ. ಅದನ್ನು ಬಿಟ್ಟು ಊರಿಗೆ ಬಂದು ಹೋಗುವ ಧೈರ್ಯ ಅವನಿಗಿಲ್ಲ. ಕಾಫಿಯನ್ನೂ ಅಳೆದು ಕುಡಿಯುತ್ತಾನೆ. ಬರುವಾಗ ಮಿಡಿಗಾಯಿ ಉಪ್ಪಿನಕಾಯಿ ತಾ ಎಂದು ಅವನೇ ಫೋನಿನಲ್ಲಿ ಹೇಳಿದ್ದ. ಬಾಟಲಿ ಕೊಟ್ಟೆ. ಮುಚ್ಚಳ ತೆಗೆದು, ಕಣ್ಣು ಮುಚ್ಚಿ ಉದ್ದಕ್ಕೆ ಮೂಸಿದ. "ಉಪ್ಪು ನಂಗೆ ಆಗಲ್ಲ ಕಣೋ. ಇದು ತಿನ್ನೋಕಲ್ಲ, ಮೂಸೋಕೆ," ಅಂದು ಮುಚ್ಚಳ ಹಾಕಿದ.

ಮಕ್ಕಳು ದೊಡ್ಡವರ ಹಾಗೆ ಕಂಡದ್ದನ್ನು ಕಾಣದವರಂತೆ ಇರುವುದಿಲ್ಲವಲ್ಲ! ಅವನ ಎಡಗೈಯಲ್ಲಿ ಹಗ್ಗದಂತೆ ಉಬ್ಬಿದ ನರ ಏನೆಂದು ಮೊಮ್ಮಗಳು ಕೇಳಿಯೇಬಿಟ್ಟಳು. ಸೊಸೆ ಕಣ್ಣು ಬಿಟ್ಟಳು. ಬುಗುರಿಗೆ ಮಾತ್ರ ಖುಷಿಯೇ ಆಯಿತು. ಹೃದಯದಿಂದ ರಕ್ತ ತರುವ ಅಪಧಮನಿಗೆ ಪಕ್ಕದ ಅಭಿಧಮನಿಯನ್ನು ವೈದ್ಯರು ಜೋಡಿಸುತ್ತಾರಂತೆ. ಆಗ ರಕ್ತ ಜೋರಾಗಿ ನುಗ್ಗಿ ಅದು ದಪ್ಪಗಾಗುತ್ತದೆ, ಯಂತ್ರದ ದೊಡ್ಡ ಸೂಜಿ ಚುಚ್ಚಲು ಅನುಕೂಲ. "ಮುಟ್ಟಿ ನೋಡು" ಎಂದ. ಅವಳು ಎರಡು ಬೆರಳಿಟ್ಟು, "ತಾತಾ, ಬೆಕ್ಕು ಗುರುಗುಟ್ಟಿದ ಹಾಗಿದೆ!" ಎಂದು ಕೂಗಿದಳು. ನಾನೂ ಮುಟ್ಟಿದೆ. ನಿಜ.

ಮನೆಯೊಳಗೆ ಹಾಸಿಗೆಗಳಿದ್ದವು. ಆದರೆ ಬುಗುರಿ, "ನಾನಂತೂ ಇನ್ನು ಕ್ಯಾಂಪಿಗೆ ಹೋಗಲಾರೆ, ಟೆಂಟೇ ಇಲ್ಲಿಗೆ ಬಂದಿದೆ" ಎಂದು ಹಿತ್ತಿಲಲ್ಲೇ ಹಾಕಿಸಿದ. ರಾತ್ರಿ ಹತ್ತರ ಹೊತ್ತಿಗೆ ಚೆನ್ನಾಗಿ ಕತ್ತಲಾಯಿತು. ಮೂವರೂ ಟೆಂಟಿನ ಬಾಗಿಲಲ್ಲಿ ಕುಳಿತೆವು. ಸಪ್ತರ್ಷಿ ಮಂಡಲದ ಕ್ರತು, ಪುಲಹ ಎರಡನ್ನೂ ಸೇರಿಸಿ ಗೆರೆ ಎಳೆದು, ಅದರ ಐದರಷ್ಟು ಮುಂದಕ್ಕೆ ಹೋದರೆ ಧ್ರುವ ನಕ್ಷತ್ರ. ಬುಗುರಿ ಆ ಎಡಗೈಯನ್ನೇ ನೀಟಾಗಿ ಮುಂದಕ್ಕೆ ಚಾಚಿ ಮುಷ್ಟಿ ಹಿಡಿದ. ನೆಲ-ಆಕಾಶ ಕೂಡುವ ಗೆರೆಯಿಂದ ಶುರುಮಾಡಿ, ಮುಷ್ಟಿಯ ಮೇಲೆ ಮುಷ್ಟಿ ಇಡುತ್ತ ಎಣಿಸಿದ. ನಾಲ್ಕು, ಮೇಲೆ ಅರ್ಧಕ್ಕೆ ಚೂರು ಕಡಿಮೆ. ಚಾಚಿದ ಕೈಯ ಒಂದು ಮುಷ್ಟಿ ಎಂದರೆ ಹತ್ತಿರ ಹತ್ತಿರ ಹತ್ತು ಡಿಗ್ರಿ. ಧ್ರುವ ಎಷ್ಟು ಡಿಗ್ರಿ ಎತ್ತರದಲ್ಲಿ ಕಾಣುತ್ತದೋ, ನಾವು ನಿಂತ ಊರಿನ ಅಕ್ಷಾಂಶ ಹೆಚ್ಚುಕಡಿಮೆ ಅಷ್ಟೇ. ರ‍್ಯಾಪಿಡ್ ಸಿಟಿಯದು 44.

ಈ ಲೆಕ್ಕವನ್ನು ನಮಗಿಬ್ಬರಿಗೂ 1968ರಲ್ಲಿ ಹಾಸನದ ಕಡೆಯ ಶಾಲೆಯಲ್ಲಿ ಗಣಿತದ ಮೇಷ್ಟ್ರು ಹೇಳಿಕೊಟ್ಟಿದ್ದರು. ಅಲ್ಲಿ ಬರೀ 13 ಡಿಗ್ರಿ. ಮೈದಾನದಾಚೆಯ ತೆಂಗಿನ ಮರಗಳು ಧ್ರುವನನ್ನು ನುಂಗಿಬಿಡುತ್ತಿದ್ದವು. ನಾವು ಅಳೆಯಲೇ ಇಲ್ಲ. ಮರ ಹತ್ತಿ ನೋಡೋಣವೆಂದು ಬುಗುರಿ ಹತ್ತಿಯೂ ಇದ್ದ. ಎಳನೀರು ಕೀಳಲು ಹತ್ತಿದನೆಂದು ತೋಟದವರು ಅಟ್ಟಿಸಿಕೊಂಡು ಬಂದದ್ದನ್ನು ಅಂದು ರಾತ್ರಿ ಮೊಮ್ಮಗಳಿಗೆ ಅಭಿನಯ ಮಾಡಿ ತೋರಿಸಿದ. ನಕ್ಕು ನಕ್ಕು ಸುಸ್ತಾಗಿ ಅಲ್ಲೇ ಚಾಪೆಯ ಮೇಲೆ ಒರಗಿದ. ಒಳಗೆ ಕರೆದರೂ ಬರಲಿಲ್ಲ. ಕಂಬಳಿ ಹೊದಿಸಿದೆ. ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ, ಅವನ ಉಸಿರು ಕೇಳುತ್ತ ಮಲಗಿದ್ದೆ.

ಬೆಳಿಗ್ಗೆ ಐದೂವರೆಗೇ ಅವನ ಯಂತ್ರದ ಪಾಳಿ. ಬೀಳ್ಕೊಡುಗೆ ಎಲ್ಲ ಎರಡೇ ನಿಮಿಷ. ಕಾರು ಹೊರಡುವಾಗ ಮೊಮ್ಮಗಳಿಗೆ ಒಂದು ಕೆಲಸ ಕೊಟ್ಟ: ಎಲ್ಲೆಲ್ಲಿ ಟೆಂಟ್ ಹಾಕುತ್ತೀರೋ ಅಲ್ಲೆಲ್ಲ ಅಳೆದು ಫೋನ್ ಮಾಡಬೇಕು. ಅವಳು ಮಾಡಿದಳು. ಮೊಂಟಾನಾದ ಬಿಲ್ಲಿಂಗ್ಸ್‌ನಲ್ಲಿ ನಾಲ್ಕೂವರೆ. ಸಿಯಾಟಲ್‌ನಲ್ಲಿ ಎರಡು ರಾತ್ರಿ ಮೋಡ, ಮೂರನೆಯ ರಾತ್ರಿ ಐದಕ್ಕೆ ಸ್ವಲ್ಪ ಕಡಿಮೆ. ಬೆಳಿಗ್ಗೆ ಫೋನ್ ಮಾಡಿದಾಗ ಅವನು ಯಂತ್ರದ ಪಕ್ಕ ಕುರ್ಚಿಯಲ್ಲಿದ್ದ. ಅಲ್ಲಿನ ನರ್ಸಮ್ಮನಿಗೂ ಮುಷ್ಟಿ ಲೆಕ್ಕ ಕಲಿಸಿದ್ದಾನಂತೆ.

ನನಗೂ ಒಂದು ಕೆಲಸ ಉಳಿದಿದೆ. ಶಾಲೆಯ ಹಿಂದಿನ ದಿಣ್ಣೆ ಹತ್ತಿದರೆ ಉತ್ತರಕ್ಕೆ ಮರಗಳ ಅಡ್ಡಿ ಇಲ್ಲವೆಂದು ಊರಿನವರು ಹೇಳಿದ್ದಾರೆ. ಮಳೆಗಾಲದ ಮೋಡ ಹೋಗಬೇಕು, ಆಮೇಲೆ ಸಪ್ತರ್ಷಿ ಕಾಣುವುದು ಬೆಳಗಿನ ಜಾವ. ಡಿಸೆಂಬರಿನಲ್ಲಿ ಹೋಗುತ್ತೇನೆ. ಒಂದೂಕಾಲು ಮುಷ್ಟಿಗೆ ಚೂರು ಜಾಸ್ತಿ ಬರಬೇಕು. ಅಲ್ಲಿಂದಲೇ ಫೋನ್ ಮಾಡಬೇಕೆಂದು ಬುಗುರಿಯ ಅಪ್ಪಣೆ.