ಮೈಕ್ರೋಸಾಫ್ಟ್ ಕಂಪೆನಿಯ ಎರಡು ಖಾತೆಗಳು

ಅಮೆರಿಕದ ಮೈಕ್ರೋಸಾಫ್ಟ್ ಕಂಪೆನಿಯವರು 2020ನೆಯ ಇಸವಿ ಜನವರಿಯಲ್ಲಿ ಒಂದು ಪ್ರತಿಜ್ಞೆಯನ್ನು ಮಾಡಿದುದು ನಮ್ಮ ವಾಚಕರಲ್ಲಿ ಅನೇಕರಿಗೆ ನೆನಪಿರಬಹುದು. 2030ರ ವೇಳೆಗೆ ತಾವು ವಾಯುಮಂಡಲಕ್ಕೆ ಬಿಡುವುದಕ್ಕಿಂತ ಹೆಚ್ಚಿನ ಇಂಗಾಲವನ್ನು ಅದರಿಂದ ಹಿಂತೆಗೆಯುವೆವೆಂದೂ, ಕಂಪೆನಿ ಹುಟ್ಟಿದ 1975ರಿಂದ ಮೊದಲ್ಗೊಂಡು ತಾವು ನೇರವಾಗಿಯೂ ವಿದ್ಯುಚ್ಛಕ್ತಿಯ ಬಳಕೆಯಿಂದಲೂ ಬಿಟ್ಟುದೆಲ್ಲವನ್ನೂ 2050ರೊಳಗೆ ತೀರಿಸುವೆವೆಂದೂ ಅವರು ಸಾರಿದರು. ಇಷ್ಟು ದೊಡ್ಡ ಮಾತನ್ನಾಡುವ ವ್ಯಾಪಾರಸ್ಥರು ವಿರಳ. ಆದುದರಿಂದಲೇ ಅವರು ವರ್ಷಕ್ಕೊಮ್ಮೆ ಒಪ್ಪಿಸುವ ಲೆಕ್ಕವನ್ನು ಕಣ್ಣಿಟ್ಟು ಓದುವುದು ಯುಕ್ತವಾಗಿದೆ.

2020ರಿಂದ 2023ರವರೆಗೆ ತಮ್ಮ ಒಟ್ಟು ಹೊರಸೂಸುವಿಕೆ ನೂರಕ್ಕೆ 29.1ರಷ್ಟು ಏರಿತೆಂದು 2024ರ ವರದಿಯಲ್ಲಿ ಕಂಪೆನಿಯವರೇ ಒಪ್ಪಿಕೊಂಡರು. ಮರುವರ್ಷದ ವರದಿಯಲ್ಲಿ 2020ಕ್ಕಿಂತ ನೂರಕ್ಕೆ 23.4ರಷ್ಟು ಹೆಚ್ಚೆಂದು ಹೇಳಿದೆ. ಇದನ್ನು ಮುಚ್ಚಿಡದುದಕ್ಕೆ ಅವರನ್ನು ನಾವು ಶ್ಲಾಘಿಸುತ್ತೇವೆ. ಕಾರಣವೇನೂ ಗೂಢವಲ್ಲ. ಕೃತಕ ಬುದ್ಧಿಮತ್ತೆಯ ಪೈಪೋಟಿಗಾಗಿ ಡೇಟಾ ಸೆಂಟರುಗಳನ್ನು ಒಂದರ ಮೇಲೊಂದರಂತೆ ಕಟ್ಟುತ್ತಿದ್ದಾರೆ. ಅವುಗಳಿಗೆ ಬೇಕಾದ ಉಕ್ಕು, ಕಾಂಕ್ರೀಟು, ಚಿಪ್ಪುಗಳನ್ನು ತಯಾರಿಸುವವರ ಕಾರ್ಖಾನೆಗಳ ಹೊಗೆಯೂ ಕಂಪೆನಿಯ ಲೆಕ್ಕಕ್ಕೇ ಸೇರುತ್ತದೆ.

ಆದರೆ 2024ರ ಅದೇ ವರದಿಯಲ್ಲಿ ಇನ್ನೊಂದು ಮಾತಿದೆ. ಕಂಪೆನಿಯು ತಾನೇ ಸುಡುವ ಇಂಧನದಿಂದಲೂ, ಕೊಂಡುಕೊಳ್ಳುವ ವಿದ್ಯುಚ್ಛಕ್ತಿಯಿಂದಲೂ ಉಂಟಾದ ಹೊರಸೂಸುವಿಕೆ 2020ಕ್ಕಿಂತ ನೂರಕ್ಕೆ 6.3ರಷ್ಟು ಇಳಿದಿದೆಯಂತೆ! ಡೇಟಾ ಸೆಂಟರುಗಳು ಹೆಚ್ಚುತ್ತಿರುವಾಗ ಇದು ಇಳಿಯುವುದೆಂತು?

ಉತ್ತರವು ವರದಿಯ ಅಂಕಿ-ಅಂಶಗಳ ಪುಟಗಳಲ್ಲಿ ದೊರೆಯುತ್ತದೆ. ಕೊಂಡ ವಿದ್ಯುಚ್ಛಕ್ತಿಗೆ ಅಲ್ಲಿ ಎರಡು ಖಾತೆಗಳಿವೆ. ಯಂತ್ರಗಳಿರುವ ಊರಿನ ತಂತಿಗಳಲ್ಲಿ ನಿಜವಾಗಿ ಹರಿಯುವ ವಿದ್ಯುತ್ತು ಕಲ್ಲಿದ್ದಲಿನದೋ ಅನಿಲದದೋ ಗಾಳಿಯದೋ ಎಂದು ನೋಡಿ ಬರೆಯುವುದು ಸ್ಥಳದ ಖಾತೆ. ಬೇರೆಲ್ಲಿಯೋ ಉತ್ಪನ್ನವಾದ ಸೌರ ವಿದ್ಯುತ್ತಿನ ಸರ್ಟಿಫಿಕೇಟುಗಳನ್ನೂ ಕರಾರುಗಳನ್ನೂ ಕೊಂಡು, ಅಷ್ಟನ್ನು ಕಳೆದು ಬರೆಯುವುದು ಮಾರುಕಟ್ಟೆಯ ಖಾತೆ. ಮಾರುಕಟ್ಟೆಯ ಖಾತೆಯಂತೆ 2020ರಲ್ಲಿ ಸುಮಾರು 4.56 ಲಕ್ಷ ಟನ್ನಿದ್ದುದು 2023ರಲ್ಲಿ 3.93 ಲಕ್ಷಕ್ಕೆ ಇಳಿಯಿತು. ಸ್ಥಳದ ಖಾತೆಯಂತೆ ಅದೇ ಅವಧಿಯಲ್ಲಿ ಸುಮಾರು 43 ಲಕ್ಷ ಟನ್ನಿದ್ದುದು 80 ಲಕ್ಷ ಟನ್ನನ್ನು ದಾಟಿತು. ಒಂದೇ ಕಂಪೆನಿ, ಒಂದೇ ವಿದ್ಯುತ್ತು. ಒಂದು ಪುಸ್ತಕದಲ್ಲಿ ಇಳಿತ, ಇನ್ನೊಂದರಲ್ಲಿ ಹೆಚ್ಚು ಕಡಿಮೆ ಇಮ್ಮಡಿ. ಮನೆಯವರಿಗೊಂದು, ಸಾಲ ಕೊಟ್ಟವರಿಗೊಂದು ಖಿರ್ದಿಯನ್ನಿಡುವ ಅಂಗಡಿಯವರನ್ನು ನಮ್ಮ ಪೇಟೆಗಳಲ್ಲಿಯೂ ಕಂಡಿದ್ದೇವೆ. ಅವರು ಎರಡನೆಯದನ್ನು ಪೆಟ್ಟಿಗೆಯಲ್ಲಿಡುತ್ತಿದ್ದರು. ಇವರು ಎರಡನ್ನೂ ಅಚ್ಚು ಹಾಕಿಸಿದ್ದಾರೆ, ಅಷ್ಟರಮಟ್ಟಿಗೆ ಇವರು ಪ್ರಾಮಾಣಿಕರು.

ಇದು ಮೋಸವೆಂದು ನಾವು ಹೇಳುವುದಿಲ್ಲ. ಜಗತ್ತಿನ ಬಹುಪಾಲು ಕಂಪೆನಿಗಳು ಅನುಸರಿಸುವ ಗ್ರೀನ್‌ಹೌಸ್ ಗ್ಯಾಸ್ ಪ್ರೋಟೋಕಾಲ್ ಎಂಬ ನಿಯಮಾವಳಿಯೇ 2015ರಿಂದ ಈ ಎರಡು ಖಾತೆಗಳನ್ನು ವಿಧಿಸಿದೆ. ಹೊಸ ಗಾಳಿಯಂತ್ರಗಳನ್ನು ನೆಡಲು ಧೈರ್ಯ ಕೊಡುವ ದೀರ್ಘ ಕರಾರುಗಳಿಂದ ಲೋಕಕ್ಕೆ ಉಪಕಾರವೂ ಉಂಟು. 2019ರಲ್ಲಿ ಮುಚ್ಚಿದ್ದ ತ್ರೀ ಮೈಲ್ ಐಲೆಂಡಿನ 1ನೆಯ ಅಣುಸ್ಥಾವರವನ್ನು ಮತ್ತೆ ನಡೆಯಿಸಲು 2024ರ ಸೆಪ್ಟೆಂಬರಿನಲ್ಲಿ ಇದೇ ಕಂಪೆನಿಯವರು 20 ವರ್ಷಗಳ ಕರಾರು ಮಾಡಿಕೊಂಡರು. (1979ರ ಅಪಘಾತವಾದುದು ಪಕ್ಕದ 2ನೆಯ ಸ್ಥಾವರದಲ್ಲಿ.) ಆದರೆ ಹಗಲಿನ ಬಿಸಿಲಿನಿಂದ ಬಂದ ಸರ್ಟಿಫಿಕೇಟನ್ನು ತೋರಿಸಿ ರಾತ್ರಿ ಸುಟ್ಟ ಕಲ್ಲಿದ್ದಲನ್ನು ಅಳಿಸುವುದನ್ನು ನಾವು ಒಪ್ಪಲಾರೆವು. ವಾಯುಮಂಡಲಕ್ಕೆ ಸೇರುವ ಹೊಗೆ ಸರ್ಟಿಫಿಕೇಟನ್ನು ಓದುವುದಿಲ್ಲ.

ಈ ವಿಚಾರವು ನಮ್ಮವರಿಗೆ ದೂರದ್ದಲ್ಲ. ಸೆಬಿಯವರು 2022-23ರಿಂದ ನಮ್ಮ ದೇಶದ ಅಗ್ರಗಣ್ಯ 1,000 ಲಿಸ್ಟೆಡ್ ಕಂಪೆನಿಗಳಿಗೂ ಇಂತಹ ವರದಿಯನ್ನು ಕಡ್ಡಾಯಗೊಳಿಸಿದ್ದಾರೆ. ಅವುಗಳ ಷೇರುದಾರರು ಮುಖಪುಟದ ಅಂಕಿಯನ್ನು ಓದಿ ತೃಪ್ತರಾಗದೆ, ಅದು ಯಾವ ಖಾತೆಯದೆಂದು ಮಹಾಸಭೆಯಲ್ಲಿ ಎದ್ದು ಕೇಳಬೇಕು.

ನಿಯಮಾವಳಿಯವರು ವಿದ್ಯುಚ್ಛಕ್ತಿಯ ಲೆಕ್ಕವನ್ನು ಗಂಟೆಗಂಟೆಗೆ ತಾಳೆ ನೋಡಬೇಕೆಂಬ ತಿದ್ದುಪಡಿಯನ್ನು 2025ರ ಅಕ್ಟೋಬರಿನಲ್ಲಿ ಸಾರ್ವಜನಿಕರ ಅಭಿಪ್ರಾಯಕ್ಕಾಗಿ ಮುಂದಿಟ್ಟರು. ಪ್ರತಿಯೊಂದು ಗಂಟೆಯಲ್ಲಿಯೂ ಇಂಗಾಲರಹಿತ ವಿದ್ಯುತ್ತನ್ನೇ ಕೊಳ್ಳುವುದು 2030ರ ಗುರಿಯೆಂದು 2021ರಲ್ಲಿಯೇ ಸಾರಿದ ಮೈಕ್ರೋಸಾಫ್ಟಿನವರು, ನಿಯಮ ಬರುವವರೆಗೆ ಕಾಯದೆ, ಮುಂದಿನ ವರದಿಯ ಮೊದಲನೆಯ ಪುಟದಲ್ಲಿಯೇ ಸ್ಥಳದ ಖಾತೆಯನ್ನು ಅಚ್ಚು ಹಾಕಿಸಲಿ.