ಬತ್ತದ ವಂಶಲಿಪಿಯ ಜೋಡಣೆಯೂ ಆಧಾರಪ್ರತಿಯೂ

ಬತ್ತದ ಗುಣಾವಗುಣಗಳನ್ನು ಪೈರಿನಿಂದ ಮಾತ್ರವಲ್ಲದೆ, ಡಿ.ಎನ್.ಎ. ಎಂಬ ಅದರ ವಂಶದ್ರವ್ಯದಿಂದಲೂ ಅರಿಯುವ ಪದ್ಧತಿಯು ಈಗ ರೂಢಿಯಲ್ಲಿದೆ. ಈ ದ್ರವ್ಯವನ್ನು ನಾಲ್ಕೇ ಅಕ್ಷರಗಳಿಂದಾದ ಬಹು ದೀರ್ಘವಾದ ಲಿಪಿಯೆಂದು ಭಾವಿಸಬಹುದು. ಯಂತ್ರಗಳು ಇದನ್ನು ಒಂದೇ ಸಲಕ್ಕೆ ಓದಲಾರವು. ಬಹುಮಟ್ಟಿಗೆ ನೂರು, ನೂರೈವತ್ತು ಅಕ್ಷರಗಳ ಚೂರುಗಳಾಗಿ ಓದುವುವು. ಚೂರುಗಳನ್ನು ಜೋಡಿಸುವುದು ಗಣಕಯಂತ್ರದ ತಂತ್ರಾಂಶಕ್ಕೆ ಸೇರಿದ ಕೆಲಸ.

ಮೊದಲೇ ಸಿದ್ಧವಾಗಿರುವ ಆಧಾರಪ್ರತಿಯೊಂದನ್ನಿಟ್ಟುಕೊಂಡು, ಚೂರು ಹೊಂದಿದ ಸ್ಥಳದಲ್ಲಿ ಅದನ್ನಿಡುವುದು ಸುಲಭವಾದ ಮಾರ್ಗ. ಬತ್ತಕ್ಕೆ ಬಹುಕಾಲದಿಂದ ಆಧಾರಪ್ರತಿಯಾಗಿರುವುದು ಜಪಾನಿನ ನಿಪ್ಪೊನ್‌ಬಾರೆ ತಳಿಯ ಲಿಪಿ. ಭಾರತವೂ ಸೇರಿ ಹಲವು ದೇಶಗಳು ಶ್ರಮಿಸಿ 2005ರಲ್ಲಿ ಪ್ರಕಟಿಸಿದ ಈ ಪ್ರತಿಯು ಶ್ಲಾಘ್ಯವಾದುದೇ. ಇದರಿಂದ ಹಣವೂ ಕಾಲವೂ ಉಳಿಯುವುದರಲ್ಲಿ ಸಂದೇಹವಿಲ್ಲ. ಆದರೆ ಅದೊಂದನ್ನೇ ಪ್ರಮಾಣವೆಂದೆಣಿಸುವುದು ಯುಕ್ತವಲ್ಲ.

ಹರಿದುಹೋದ ಗ್ರಾಮನಕಾಶೆಯ ಚೂರುಗಳನ್ನು ನೆರೆಗ್ರಾಮದ ನಕಾಶೆ ನೋಡಿ ಜೋಡಿಸಹೊರಟವನ ಪಾಡೇ ಇಲ್ಲಿಯೂ. ನೆರೆಗ್ರಾಮದಲ್ಲಿ ಕೆರೆಯಿಲ್ಲದಿದ್ದರೆ, ಕೆರೆಯ ಗುರುತುಳ್ಳ ಚೂರಿಗೆ ಸ್ಥಳವೇ ದೊರೆಯದೆ ಅದು ಕಸವಾಗುವುದು. ಕಡೆಗೆ ಸಿದ್ಧವಾದ ನಕಾಶೆಯು ನೋಡಲು ನಿರ್ದುಷ್ಟವಾಗಿಯೇ ಇರುವುದು. ಕೆರೆ ಮಾತ್ರ ಇರದು!

ಇದು ಬರಿಯ ಊಹೆಯಲ್ಲ. ಒಡಿಶಾದ ನಾಡತಳಿಯೊಂದರಿಂದ ಆರಿಸಿದ ಎಫ್.ಆರ್. 13ಎ ಎಂಬ ಬತ್ತವು ಸುಮಾರು ಎರಡು ವಾರ ನೀರಿನಲ್ಲಿ ಪೂರಾ ಮುಳುಗಿದ್ದರೂ ಬದುಕಬಲ್ಲುದು. ಈ ಗುಣಕ್ಕೆ ಮೂಲವಾದ ಸಬ್1ಎ ಎಂಬ ವಂಶವಾಹಿಯನ್ನು 2006ರಲ್ಲಿ ಪ್ರಕಟಿಸಲಾಯಿತು. ಅದನ್ನು ಕೂಡಿಸಿ ಬೆಳೆಸಿದ ಸ್ವರ್ಣ-ಸಬ್1 ತಳಿಯು 2009ರಲ್ಲಿ ಭಾರತದ ರೈತರಿಗೆ ದೊರೆಯಿತು. ನಿಪ್ಪೊನ್‌ಬಾರೆಯಲ್ಲಿ ಈ ವಂಶವಾಹಿಯೇ ಇಲ್ಲ. ರಂಜಕ ಕಡಿಮೆಯಾದ ಮಣ್ಣಿನಲ್ಲಿ ಬೇರನ್ನು ಹೆಚ್ಚಿಸುವ, 2012ರಲ್ಲಿ ಪ್ರಕಟವಾದ ವಂಶವಾಹಿಯೂ ಕಸಲತ್ ಎಂಬ ತಳಿಯಲ್ಲಿರುವುದು, ನಿಪ್ಪೊನ್‌ಬಾರೆಯಲ್ಲಿಲ್ಲ. ಸಂಕರದಿಂದ ಗುಣದ ನೆಲೆಯನ್ನು ಗುರುತಿಸಿ, ಆ ಭಾಗವನ್ನು ಆ ಗುಣವುಳ್ಳ ಬತ್ತದಿಂದಲೇ ಓದಿದುದರಿಂದ ಇವೆರಡೂ ಕೈಗೆ ಸಿಕ್ಕಿದುವು. ಮೂರು ಸಾವಿರಕ್ಕೂ ಮಿಕ್ಕ ತಳಿಗಳನ್ನು ಪರಿಶೀಲಿಸಿದವರು, ಆಧಾರಪ್ರತಿಯ ಹೊರಗಿನ ಭಾಗಗಳನ್ನೂ ಜೋಡಿಸಿ, ಹತ್ತು ಸಾವಿರಕ್ಕೂ ಹೆಚ್ಚು ಹೊಸ ವಂಶವಾಹಿಗಳನ್ನು 2018ರಲ್ಲಿ ಪ್ರಕಟಿಸಿದರು.

ಆದಕಾರಣ, ಸ್ಥಳ ದೊರೆಯದ ಚೂರುಗಳನ್ನು ಬಿಸುಡದೆ ಪ್ರತ್ಯೇಕವಾಗಿ ಜೋಡಿಸತಕ್ಕದ್ದು. ಮುಖ್ಯವಾದ ನಾಡತಳಿಗಳನ್ನಾದರೂ, ಸಾವಿರಾರು ಅಕ್ಷರಗಳನ್ನು ಒಮ್ಮೆಗೇ ಓದುವ ಯಂತ್ರಗಳಿಂದ, ಆಧಾರಪ್ರತಿಯ ಹಂಗಿಲ್ಲದೆ ಓದಿಸುವುದು ಮೇಲು. ವೆಚ್ಚ ಹೆಚ್ಚೆಂಬ ಆಕ್ಷೇಪಣೆಯುಂಟು. ಮುಳುಗಿ ಕೊಳೆತ ಪೈರಿನ ನಷ್ಟವನ್ನು ಕಂಡ ಭೂಮಾಲಿಕರಿಗೆ ಆ ಆಕ್ಷೇಪಣೆ ಅಷ್ಟು ಭಾರವಾಗಿ ತೋರದು. ಹಳೆಯ ತಳಿಯನ್ನು ಪರೀಕ್ಷೆಗೆ ಕೊಡುವವರು, ಅದು ಯಾವ ಮಣ್ಣಿನಲ್ಲಿ, ಎಷ್ಟು ನೀರಿನಲ್ಲಿ ನಿಂತಿತೆಂಬುದನ್ನು ಬರೆದು ಬೀಜದೊಡನೆ ಕಳುಹಿಸುವುದೂ, ವರದಿ ಬಂದ ಮೇಲೂ ಒಂದಿಷ್ಟು ಬೀಜವನ್ನು ವರ್ಷ ವರ್ಷವೂ ಬಿತ್ತಿ ಉಳಿಸಿಕೊಳ್ಳುವುದೂ ಅವಶ್ಯಕ. ಮೊದಲ ಜೋಡಣೆಯಲ್ಲಿ ಬಿಟ್ಟುಹೋದುದನ್ನು ಆ ಬೀಜದಿಂದ ಪುನಃ ಓದಬಹುದು.