ಶಾಸನಸಭೆಯಲ್ಲಿ ಒಂಟಿ ರೈತ

ರೈತನೇ ನಾಡಿನ ಬೆನ್ನೆಲುಬೆಂದು ಎಲ್ಲ ಪಕ್ಷದವರೂ ವೇದಿಕೆಯ ಮೇಲೆ ನುಡಿಯುತ್ತಾರೆ. ಆದರೆ ರೈತಚಳವಳಿಯ ಹೆಸರಿನಿಂದಲೇ ಗೆದ್ದು ವಿಧಾನಸಭೆಯನ್ನು ಹೊಕ್ಕವರು ಬೆರಳೆಣಿಕೆಯಷ್ಟು ಮಂದಿ. ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯ ಕೆ. ಎಸ್. ಪುಟ್ಟಣ್ಣಯ್ಯನವರು ಅವರಲ್ಲೊಬ್ಬರು. 1949ರಲ್ಲಿ ಜನಿಸಿ 2018ರ ಫೆಬ್ರವರಿಯಲ್ಲಿ ಮಂಡ್ಯದಲ್ಲಿ ಕಬಡ್ಡಿ ಪಂದ್ಯವನ್ನು ನೋಡುತ್ತಿದ್ದಾಗಲೇ ಹೃದಯಾಘಾತದಿಂದ ತೀರಿಕೊಂಡ ಈ ಒಕ್ಕಲುಮಗನ ಜೀವಿತವು ನಮ್ಮ ಮುಂದೆ ಒಂದು ಪ್ರಶ್ನೆಯನ್ನಿಡುತ್ತದೆ: ಬೀದಿಯಲ್ಲಿ ಹೋರಾಡುವ ರೈತನಿಗೆ ಶಾಸನಸಭೆಯಿಂದೇನು ಪ್ರಯೋಜನ?

1980ರಲ್ಲಿ ಮಲಪ್ರಭೆಯ ಅಚ್ಚುಕಟ್ಟಿನ ರೈತರ ಮೇಲೆ ಅಭಿವೃದ್ಧಿ ಕರದ ಹೊರೆ ಬಿದ್ದಾಗ ನರಗುಂದ, ನವಲಗುಂದಗಳು ಸಿಡಿದೆದ್ದುದನ್ನೂ, ಗೋಲಿಬಾರಿನಲ್ಲಿ ರೈತರು ಮಡಿದುದನ್ನೂ ವಾಚಕರು ಬಲ್ಲರು. ಆ ವರ್ಷವೇ ರೈತ ಸಂಘವು ಹುಟ್ಟಿತು. ಕರವನ್ನು ವಿಧಿಸುವುದೂ ಮನ್ನಾ ಮಾಡುವುದೂ ಶಾಸನದ ಬಲದಿಂದಲೇ ಆಗತಕ್ಕ ಕಾರ್ಯಗಳು. ಆದಕಾರಣ ರೈತನು ಸಭೆಯ ಬಾಗಿಲ ಹೊರಗೇ ನಿಲ್ಲಬೇಕೆಂಬ ವಾದವನ್ನು ನಾವು ಒಪ್ಪಲಾರೆವು.

ಪುಟ್ಟಣ್ಣಯ್ಯನವರು 1994ರಲ್ಲಿ ಪಾಂಡವಪುರದಿಂದಲೂ, 19 ವರ್ಷಗಳ ತರುವಾಯ 2013ರಲ್ಲಿ ಮೇಲುಕೋಟೆಯಿಂದಲೂ ಆಯ್ಕೆಯಾದರು. ಎರಡು ಸಲವೂ 224 ಸ್ಥಾನಗಳಲ್ಲಿ ಅವರ ಪಕ್ಷಕ್ಕೆ ದಕ್ಕಿದ್ದು ಅದೊಂದೇ. 2023ರಲ್ಲಿ ಅವರ ಮಗ ದರ್ಶನರು ಅದೇ ಮೇಲುಕೋಟೆಯಿಂದ ಗೆದ್ದಾಗಲೂ ಲೆಕ್ಕವು ಒಂದನ್ನು ದಾಟಲಿಲ್ಲ. ಒಬ್ಬ ಸದಸ್ಯನು ಪ್ರಶ್ನೆ ಕೇಳಬಲ್ಲನು, ಮಂತ್ರಿಗಳಿಂದ ಉತ್ತರವನ್ನು ಹೊರಡಿಸಬಲ್ಲನು, ಮಸೂದೆಯನ್ನು ತಡೆಯಲಾರನು. ಹಸಿರು ಶಾಲನ್ನು ಹೊದ್ದು ಸಾವಿರಾರು ಸಂಖ್ಯೆಯಲ್ಲಿ ಮೆರವಣಿಗೆ ಬರುವ ರೈತರೇ ಮತದಾನದ ದಿನ ಜಾತಿಗೂ ಪಕ್ಷಕ್ಕೂ ಹಂಚಿಹೋಗುವುದು ಇದಕ್ಕೆ ಮುಖ್ಯ ಕಾರಣ. ಸಂಘವೇ ಬಣಗಳಾಗಿ ಒಡೆದುದು ಇನ್ನೊಂದು ಕಾರಣ. ಈ ದೋಷವನ್ನು ಸರ್ಕಾರದ ತಲೆಗೆ ಕಟ್ಟುವುದು ನ್ಯಾಯವಲ್ಲ.

ಆದರೆ ಸರ್ಕಾರದವರ ಹೊಣೆಯೂ ತಪ್ಪದು. ಕಬ್ಬನ್ನು ಒಪ್ಪಿಸಿದ 14 ದಿನಗಳೊಳಗೆ ಬೆಲೆ ಸಲ್ಲಬೇಕು, ತಪ್ಪಿದರೆ ಬಡ್ಡಿ ತೆರಬೇಕೆಂದು 1966ರ ಕಬ್ಬು ನಿಯಂತ್ರಣ ಆಜ್ಞೆಯೇ ವಿಧಿಸಿದೆ. ಇದ್ದ ನಿಯಮವನ್ನು ನಡೆಸುವುದಕ್ಕೆ ಹೊಸ ಶಾಸನವೂ ಬೇಡ, ಬಹುಮತವೂ ಬೇಡ. ಅಧಿಕಾರಿಗಳ ದೃಢಮನಸ್ಸೊಂದು ಸಾಕು. ಆದರೂ ಬಾಕಿಗಾಗಿ ರೈತನು ಮತ್ತೆ ಮತ್ತೆ ಹೆದ್ದಾರಿಯಲ್ಲಿ ಕೂಡಬೇಕಾಗಿ ಬರುತ್ತಿರುವುದು ಆಡಳಿತಕ್ಕೆ ಶೋಭೆಯಲ್ಲ.

ಪ್ರತಿಮೆಗಳಿಂದಲೂ ಪುಣ್ಯತಿಥಿಯ ಭಾಷಣಗಳಿಂದಲೂ ಇಂಥವರ ಋಣವು ತೀರುವುದಿಲ್ಲ. ರೈತರು ತಮ್ಮ ಮತವನ್ನು ಒಗ್ಗೂಡಿಸಲಿ; ಅಧಿಕಾರಿಗಳು ಕಾಯಿದೆಯನ್ನು ಗಡುವಿನೊಳಗೆ ನಡೆಸಲಿ. ಇವೆರಡೂ ಆಗುವವರೆಗೆ ಸಭೆಯಲ್ಲಿ ರೈತನು ಒಂಟಿಯಾಗಿಯೇ ಇರುವನು.